ಆಯಮ್ಮ ಯಾಕೆ ಹೇಳಲಿಲ್ಲ?

"ಅಲ್ಲವ್ವಾ, ಆಯಮ್ಮ ಮೊದ್ಲೇ ಬಾಯಿ ಬಿಟ್ಟಿದ್ರೆ ಇಷ್ಟೆಲ್ಲ ರಾದ್ಧಾಂತ ಆಗ್ತಿತ್ತೇನು?" ಎಂದು ಆಚೆ ಮನೆಯ ಅಕ್ಕ ಕಾಂಪೌಂಡ್ ಗೋಡೆಯ ಮೇಲೆ ಪುಸ್ತಕ ಇಟ್ಟರು. ನೋಡಿದರೆ ಭೈರಪ್ಪನವರ 'ವಂಶವೃಕ್ಷ'. 1965ರ ಕಾದಂಬರಿ. ಅಕ್ಕ ಈಗ ಓದಿ ಮುಗಿಸಿದ್ದಾರೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ದಿನಕ್ಕಿಷ್ಟು ಎಂದು. ಓದಿ ಮುಗಿಸಿದ ಸಿಟ್ಟು ಇನ್ನೂ ಮುಖದ ಮೇಲಿತ್ತು.

ಸಿಟ್ಟಿಗೆ ಕಾರಣ ಇದೆ. ವಂಶ, ಗೋತ್ರ, ಪಿತೃಋಣ ಎಂದು ಬದುಕೆಲ್ಲ ನಂಬಿ ನಡೆದ ಶ್ರೀನಿವಾಸ ಶ್ರೋತ್ರಿಗಳಿಗೆ ಮುಪ್ಪಿನಲ್ಲಿ ಒಂದು ಸಂಗತಿ ಗೊತ್ತಾಗುತ್ತದೆ. ತಾವು ಯಾರ ಶ್ರಾದ್ಧ ಮಾಡಿಕೊಂಡು ಬಂದರೋ ಅವರು ತಮ್ಮನ್ನು ಹುಟ್ಟಿಸಿದವರಲ್ಲ. ಆಸ್ತಿ ದಾಯಾದಿಯ ಪಾಲಾಗಬಾರದೆಂದು ಆ ಗಂಡನೇ ನಿಂತು ಮಾಡಿಸಿದ ಏರ್ಪಾಡಿನಿಂದ ಹುಟ್ಟಿದ ಮಗು ತಾವು. ಕಟ್ಟಿಕೊಂಡಿದ್ದ ಬದುಕಿನ ಬುಡವೇ ಅಲ್ಲಾಡುತ್ತದೆ. ಅಕ್ಕ ಕೇಳುವುದು ಇಷ್ಟೇ: ಹೆತ್ತವಳು ಒಂದು ಮಾತು ಹೇಳಿ ಸಾಯಬಾರದಿತ್ತೇ?

ನಾನು ಕೇಳಿದೆ, "ಅಕ್ಕಾ, ಆ ಗುಟ್ಟು ಯಾರದು?" ಏರ್ಪಾಡು ಗಂಡನದು. ಲಾಭ ಮನೆತನದ್ದು. ಬಾಯಿ ಮುಚ್ಚಿಕೊಂಡಿರುವ ಕೆಲಸ ಮಾತ್ರ ಅವಳದು. ಆದರೂ ಪುಸ್ತಕ ಮುಚ್ಚಿದ ಮೇಲೆ ನಾವು ಬೈಯುವುದು ಅವಳನ್ನೇ. ಅವಳು ಹೇಳಲಿಲ್ಲ ಎನ್ನುತ್ತೇವೆ. ಹೇಳುವ ಹಕ್ಕು ಅವಳ ಕೈಯಲ್ಲಿ ಇತ್ತೇ ಎಂದು ಕೇಳುವುದಿಲ್ಲ. ಅಕ್ಕ ತಕ್ಷಣ ಒಪ್ಪಲಿಲ್ಲ. ಸೊಪ್ಪು ಸೋಸುತ್ತ, "ಹಂಗಾದ್ರೂ…" ಎಂದು ಎಳೆದರು.

ನಾವು ಕೂತು ಮಾತಾಡುತ್ತಿರುವ ಈ ಊರಿನ ಹೆಸರೇ ಇಂಥದೊಂದು ಗಂಟು. ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ. ಕೃಷ್ಣದೇವರಾಯ ತನ್ನ ತಾಯಿ ನಾಗಲಾದೇವಿಯ ಹೆಸರಲ್ಲಿ ಕಟ್ಟಿಸಿದ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದದ್ದು ಬೇರೆ: ರಾಜ ಹೊಸ ಊರು ಕಟ್ಟಿಸಿ ತನ್ನ ಪ್ರೀತಿಯ ಹೆಂಡತಿಯ ಹೆಸರಿಟ್ಟಿದ್ದಾನೆ ಎಂದು. ಅವನ ನಂತರ ಬಂದ ನೂನಿಜ್, ಪಟ್ಟಕ್ಕೆ ಬರುವ ಮುಂಚೆ ರಾಯ ಒಬ್ಬ ಗಣಿಕೆಯನ್ನು ಮೆಚ್ಚಿದ್ದ, ರಾಜನಾದ ಮೇಲೆ ಕೊಟ್ಟ ಮಾತಿನಂತೆ ಅವಳನ್ನೇ ಮದುವೆಯಾದ ಎನ್ನುತ್ತಾನೆ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಪಟ್ಟಾಭಿಷೇಕದ ಕಾಲದ ಶಾಸನ ಇದೆ. ಅದರಲ್ಲಿ ತುಳುವ ನರಸನಾಯಕನ ಇಬ್ಬರು ರಾಣಿಯರು ತಿಪ್ಪಾಜಿ, ನಾಗಲಾದೇವಿ. ಕೌಸಲ್ಯೆ ಸುಮಿತ್ರೆಯರಿಗೆ ರಾಮ ಲಕ್ಷ್ಮಣರು ಹುಟ್ಟಿದಂತೆ ಇವರಿಗೆ ಮಕ್ಕಳಾದರು ಎಂದು ಹೋಲಿಸಿ ಶಾಸನಕವಿ ಮುಂದಕ್ಕೆ ಹೋಗಿಬಿಡುತ್ತಾನೆ. ಆ ನಾಗಲಾದೇವಿ ಯಾವ ಮನೆಯಿಂದ ಬಂದಳು, ಮದುವೆಗೆ ಮುಂಚೆ ಏನಾಗಿದ್ದಳು? ಕಲ್ಲಿನಲ್ಲಿ ಅದಕ್ಕೆ ಜಾಗ ಇಲ್ಲ. ದಿನಾ ಬಸ್ಸಿನ ಮೇಲೆ ಓದುವ ಊರು, ತಾಯಿಯದೋ ಹೆಂಡತಿಯದೋ ಎಂಬ ಸಂದೇಹವನ್ನು ಐನೂರು ವರ್ಷದಿಂದ ಹೊತ್ತುಕೊಂಡೇ ಬಂದಿದೆ.

ಮಕ್ಕಳಾದ ನಮಗೆ ತಾಯಿಯ ಮೊದಲ ಇಪ್ಪತ್ತು ವರ್ಷಕ್ಕೆ ಸಾಕ್ಷಿಯಾಗುವ ಭಾಗ್ಯ ಇಲ್ಲ. ಅದು ಬೇರೆಯವರ ಬಾಯಿಂದಲೇ ಬರಬೇಕು. ಆನೆಗೊಂದಿಯ ಅಂಜನಾದ್ರಿಗೆ 575 ಮೆಟ್ಟಿಲು ಹತ್ತಿ ಹೋಗುವ ಜನ ಹನುಮಂತನ ತಾಯಿಗೆ ಕೈಮುಗಿಯುತ್ತಾರೆ. ಆ ತಾಯಿಯ ಹಿಂದಿನ ಕಥೆ ವಾಲ್ಮೀಕಿಯಲ್ಲಿ ಯಾರ ಬಾಯಲ್ಲಿ ಬರುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ. ಕಿಷ್ಕಿಂಧಾಕಾಂಡದ ಕೊನೆಯಲ್ಲಿ ವಾನರರೆಲ್ಲ ತೆಂಕಣ ಕಡಲ ದಡದಲ್ಲಿ ಕೂತು, ಯಾರು ಎಷ್ಟು ಯೋಜನ ಹಾರಬಲ್ಲರು ಎಂದು ಲೆಕ್ಕ ಹಾಕುತ್ತಿದ್ದಾರೆ. ನೂರು ಯೋಜನ ಹೋಗಬಲ್ಲೆ, ತಿರುಗಿ ಬರುವುದು ಸಂಶಯ ಎನ್ನುತ್ತಾನೆ ಅಂಗದ. ಹನುಮಂತ ಒಂದು ಮೂಲೆಯಲ್ಲಿ ಸುಮ್ಮನಿದ್ದಾನೆ. ಆಗ ಮುದುಕ ಜಾಂಬವಂತ ಹೇಳುತ್ತಾನೆ: ನಿನ್ನ ತಾಯಿ ಪುಂಜಿಕಸ್ಥಲೆ ಎಂಬ ಅಪ್ಸರೆಯಾಗಿದ್ದಳು, ಶಾಪದಿಂದ ವಾನರಿಯಾಗಿ ಹುಟ್ಟಿದಳು, ಕೇಸರಿಯ ಹೆಂಡತಿಯಾದಳು, ಒಂದು ದಿನ ಬೆಟ್ಟದ ತುದಿಯಲ್ಲಿ ಅಡ್ಡಾಡುವಾಗ ಗಾಳಿದೇವರು ಅವಳನ್ನು ತಬ್ಬಿದ. ನನ್ನ ವ್ರತ ಕೆಡಿಸುವವನು ಯಾರು ಎಂದು ಅವಳು ಗದರಿದ್ದನ್ನೂ ಜಾಂಬವಂತ ಬಿಡದೆ ಹೇಳುತ್ತಾನೆ. ಮಗ ಇದನ್ನೆಲ್ಲ ಕೇಳಿಸಿಕೊಳ್ಳುವುದು ಕೂಡಿದ ಸೇನೆಯ ನಡುವೆ, ಹೊರಗಿನ ಹಿರಿಯನೊಬ್ಬನ ಬಾಯಿಂದ. ಆಮೇಲೆ ಅವನು ಬೆಳೆಯುತ್ತಾನೆ, ಹಾರುತ್ತಾನೆ. ತಾಯಿಯ ಗತಕಾಲ ಇಲ್ಲಿ ಮಗನಿಗೆ ಕಳಂಕ ಅಲ್ಲ, ಬಲ. ತಾಯಿಯ ಗುಟ್ಟು ಎಂದರೆ ಮಗನಿಗೆ ಆಘಾತವೇ ಆಗಬೇಕೆಂದು ನಮ್ಮ ಕಾದಂಬರಿಕಾರರು ಹಿಡಿದ ಹಟ ನೋಡಿದಾಗಲೆಲ್ಲ ನನಗೆ ಈ ಜಾಂಬವಂತ ನೆನಪಾಗುತ್ತಾನೆ.

"ಹಂಗಾದ್ರೆ ಕುಂತಿ?" ಎಂದರು ಅಕ್ಕ. ಕುಂತಿಯನ್ನು ತಂದರೆ ನಾನು ಸೋಲುತ್ತೇನೆ ಎಂದುಕೊಂಡಿದ್ದರು. ನಾನು ಹೇಳಬೇಕೆಂದಿದ್ದ ಮಾತಿಗೆ ಕುಂತಿಯೇ ಬೇಕಿತ್ತು.

ಕುಂತಿ ಯಾಕೆ ಹೇಳಲಿಲ್ಲ ಎಂದು ಯಾರನ್ನೇ ಕೇಳಿ, "ಲೋಕಾಪವಾದದ ಭಯ" ಎನ್ನುತ್ತಾರೆ. ಅದು ಮೊದಲ ದಿನದ ಕಾರಣ. ಅವಳು ಹುಟ್ಟಿದ್ದು ಶೂರಸೇನನ ಮನೆಯಲ್ಲಿ, ಬೆಳೆದದ್ದು ಕುಂತಿಭೋಜನ ಮನೆಯಲ್ಲಿ. ಎಳವೆಯಲ್ಲೇ ಹೆತ್ತವರು ಎತ್ತಿ ಬೇರೆಯವರಿಗೆ ಕೊಟ್ಟ ಹುಡುಗಿ. ಸಾಕು ಮನೆಯಲ್ಲಿ ತಪ್ಪು ಮಾಡಲು ಸ್ವಂತ ಮನೆಯಷ್ಟು ಜಾಗ ಇರುವುದಿಲ್ಲ, ಅದನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಮದುವೆಗೆ ಮುಂಚೆ ಹೆತ್ತ ಕರ್ಣನಿದ್ದ ಪೆಟ್ಟಿಗೆ ನದಿಗೆ ಬಿತ್ತು.

ಆಮೇಲೆ ಮದುವೆಯಾಯಿತು. ಪಾಂಡು ಶಾಪಗ್ರಸ್ತನಾಗಿ ಕಾಡಿನಲ್ಲಿದ್ದಾಗ, ನಿಯೋಗದಿಂದ ಮಕ್ಕಳನ್ನು ಪಡೆ ಎಂದು ಅವಳನ್ನು ಬೇಡಿಕೊಳ್ಳುತ್ತಾನೆ. ಆಗ ಶಾಸ್ತ್ರ ಒಪ್ಪುವ ಮಕ್ಕಳ ಬಗೆಗಳನ್ನು ಎಣಿಸಿ ಹೇಳುತ್ತಾನೆ. ಅದರಲ್ಲಿ ಕಾನೀನನೂ ಇದ್ದಾನೆ, ಅಂದರೆ ಮದುವೆಗೆ ಮುಂಚೆ ಹುಟ್ಟಿದವನು. ಬಾಗಿಲು ತಾನಾಗಿ ತೆರೆದಿತ್ತು! ಕುಂತಿ ಮಂತ್ರದ ಸಂಗತಿ ಹೇಳಿದಳು, ಮಗುವಿನ ಸಂಗತಿ ಹೇಳಲಿಲ್ಲ. ಈಗ ಅಪವಾದದ ಭಯ ಎನ್ನಲು ಬರುವುದಿಲ್ಲ, ಗಂಡನೇ ಒಪ್ಪುವವನಿದ್ದ. ನನಗೆ ತೋಚುವ ಕಾರಣ ಬೇರೆ. ಹೇಳಿದ ಮರುಗಳಿಗೆ ಬರುವ ಪ್ರಶ್ನೆ "ಅವನೆಲ್ಲಿ?" ಎಂಬುದು. ಹೆತ್ತದ್ದನ್ನು ಹೇಳಬಹುದಿತ್ತು, ಹೊಳೆಗೆ ಬಿಟ್ಟದ್ದನ್ನು ಹೇಳುವುದು ಹೇಗೆ?

ಮೂರನೆಯ ಸಲ ಹಸ್ತಿನಾವತಿಯ ರಂಗಭೂಮಿಯಲ್ಲಿ. ಕರ್ಣ ಅರ್ಜುನರು ಎದುರೆದುರು ನಿಂತಾಗ ಅವಳು ಎಚ್ಚರ ತಪ್ಪಿ ಬೀಳುತ್ತಾಳೆ. ಈಗ ಅವಳು ದಾಯಾದಿಗಳ ಮನೆಯಲ್ಲಿ ಐದು ಮಕ್ಕಳನ್ನು ಕಟ್ಟಿಕೊಂಡ ವಿಧವೆ. ದುರ್ಯೋಧನ ಕರ್ಣನನ್ನು ಅಂಗರಾಜ್ಯಕ್ಕೆ ಪಟ್ಟ ಕಟ್ಟಿ ತನ್ನವನನ್ನಾಗಿ ಮಾಡಿಕೊಂಡ. ಹಿರಿಯ ಮಗ ಇವನೇ ಎಂದರೆ ಧರ್ಮರಾಯನ ಪಟ್ಟ ಏನಾಗಬೇಕು? ಅಲ್ಲಿಗೆ ಗುಟ್ಟು ಅವಳದಾಗಿ ಉಳಿಯಲಿಲ್ಲ, ರಾಜ್ಯದ ಲೆಕ್ಕವಾಯಿತು. ಯುದ್ಧದ ಮುಂಚೆ ಅದೇ ಗುಟ್ಟನ್ನು ಅವಳೇ ಕೈಯಲ್ಲಿ ಹಿಡಿದು, ಮಧ್ಯಾಹ್ನ ನದಿಯ ದಡದಲ್ಲಿ ಜಪ ಮಾಡುತ್ತಿದ್ದ ಕರ್ಣನ ಹತ್ತಿರ ಹೋದಳು. ಯುದ್ಧ ಮುಗಿದು ಸತ್ತವರಿಗೆಲ್ಲ ತರ್ಪಣ ಬಿಡುವ ಹೊತ್ತಿಗೆ ಎಲ್ಲರೆದುರು ಹೇಳಿದಳು: ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ. ಆಗ ಹೇಳಿದ್ದಕ್ಕೆ ಕಾರಣ ಒಂದೇ, ನೀರಿಲ್ಲದೆ ಅವನು ಹೋಗಬಾರದು.

ನೋಡಿ ಅಕ್ಕಾ, ಗುಟ್ಟು ಒಂದೇ, ಕಾರಣಗಳು ಎಷ್ಟು! ಮದುವೆಗೆ ಮುಂಚೆ ಭಯ. ಕಾಡಿನಲ್ಲಿ ಪಶ್ಚಾತ್ತಾಪ. ಮಕ್ಕಳ ತಾಯಾದಾಗ ಲೆಕ್ಕಾಚಾರ. ಯುದ್ಧ ಬಂದಾಗ ಬೇಡಿಕೆ. ಕೊನೆಗೆ ಋಣ. ಒಂದು ಕಾದಂಬರಿಯನ್ನು ಹಿಡಿದು ಇದು ಗಟ್ಟಿಯೋ ಜೊಳ್ಳೋ ಎಂದು ನಾನು ನೋಡುವುದು ಇಲ್ಲೇ. ತಾಯಿ ಮೂವತ್ತು ವರ್ಷ ಮುಚ್ಚಿಟ್ಟದ್ದಕ್ಕೆ ಬರೆದವರು ಒಂದೇ ಕಾರಣ ಕೊಟ್ಟರೆ, ಆ ಮೂವತ್ತು ವರ್ಷ ಅವಳು ಬದುಕಿಯೇ ಇರಲಿಲ್ಲ ಎಂದ ಹಾಗೆ. ಹೆಂಗಸು ಬೆಳೆಯುತ್ತಾಳೆ, ಮಾಗುತ್ತಾಳೆ, ಕೆಲವು ವಿಷಯದಲ್ಲಿ ಕಲ್ಲಾಗುತ್ತಾಳೆ. ಅವಳ ಮೌನದೊಳಗಿನ ಕಾರಣವೂ ಅವಳ ಜತೆಗೇ ವಯಸ್ಸಾಗಬೇಕು.

ಇನ್ನೊಂದು ಮಾತು ಹೇಳದೆ ಬಿಡಲಾರೆ. ಅಷ್ಟು ದಶಕ ಒಬ್ಬಳೇ ಹೊತ್ತ ಸಂಗತಿ ಹೊರಗೆ ಬಂದಾಗ, ಇನ್ನು ಮುಂದೆ ಹೆಂಗಸರ ಮನಸ್ಸಿನಲ್ಲಿ ಗುಟ್ಟು ನಿಲ್ಲದಿರಲಿ ಎಂದು ಧರ್ಮರಾಯ ಶಪಿಸಿದ. ಹೆಂಗಸರ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಇವತ್ತಿಗೂ ಕಟ್ಟೆಯ ಮೇಲೆ ಕೂತು ಆಡುವವರಿಗೆ, ಆ ಶಾಪ ಹುಟ್ಟಿದ್ದು ಒಬ್ಬ ಹೆಂಗಸು ಬಾಯಿ ಬಿಡದೆ ಬದುಕಿದ್ದಕ್ಕೆ ಎಂಬುದು ಗೊತ್ತಿರಲಿ.

ಕುಂತಿ ತರ್ಪಣದ ಹೊತ್ತಿಗೆ ಹೇಳಿದ್ದನ್ನು, ಗಿರೀಶ ಕಾರ್ನಾಡರ ರಾಣಿ ಹೇಳದೆಯೇ ಸಾಧಿಸಿದಳು. 'ನಾಗಮಂಡಲ' ನಾಟಕ ನೋಡಿದವರಿಗೆ ಗೊತ್ತು. ಗಂಡ ಅಪ್ಪಣ್ಣ ಹಗಲು ಬಂದು ಉಂಡು ಬೀಗ ಹಾಕಿಕೊಂಡು ಹೋಗುತ್ತಾನೆ. ರಾತ್ರಿ ಅವನ ರೂಪದಲ್ಲಿ ನಾಗ ಬರುತ್ತದೆ. ಬಸುರಾದ ಮೇಲೆ ಪಂಚರ ಮುಂದೆ ಹಾವನ್ನು ಕೈಯಲ್ಲಿ ಹಿಡಿದು ದಿವ್ಯ ಮಾಡಿ ಗೆದ್ದು ಬಂದಳು. ಸಂಸಾರ ನೆಟ್ಟಗಾಯಿತು, ಮಗ ಬೆಳೆದ. ಕೊನೆಗೆ ಹಾವು ಸತ್ತು ಬಿದ್ದಾಗ ಅವಳು ಗಂಡನನ್ನು ಕೇಳಿಕೊಳ್ಳುವುದು ಇಷ್ಟು: ಈ ಹಾವಿಗೆ ಸಂಸ್ಕಾರ ಆಗಬೇಕು, ಬೆಂಕಿಯನ್ನು ನಮ್ಮ ಮಗನೇ ಕೊಡಬೇಕು, ವರ್ಷವರ್ಷ ಅವನೇ ತಿಥಿ ಮಾಡಬೇಕು. ಮಗನಿಗೆ ಅಪ್ಪ ಯಾರೆಂದು ಹೇಳಲಿಲ್ಲ. ಅಪ್ಪನಿಗೆ ಮಗನಿಂದ ಸಲ್ಲಬೇಕಾದದ್ದನ್ನು ಸಲ್ಲಿಸಿದಳು. ಮುಚ್ಚಿಡುವುದಕ್ಕೂ ವಂಚನೆಗೂ ಎಷ್ಟು ದೂರ ಎಂದು ತಿಳಿಯಬೇಕಾದವರು ಆ ಒಂದು ದೃಶ್ಯ ನೋಡಿದರೆ ಸಾಕು. ಈ ನಾಟಕದ ಹಿಂದಿನ ಕಥೆಗಳನ್ನು ಕಾರ್ನಾಡರಿಗೆ ಹೇಳಿದವರು ಎ.ಕೆ. ರಾಮಾನುಜನ್. ಅವು ಮೊದಲು ಉಸಿರಾಡಿದ್ದು ಅಡುಗೆಮನೆಯ ಹೆಂಗಸರ ಬಾಯಲ್ಲಿ, ಅದಕ್ಕೇ ತಾಯಿಯ ಮೇಲೆ ಅಷ್ಟು ಕರುಣೆ.

ಕಂಪ್ಲಿಯ ಕಡೆಯ ಕುಮಾರರಾಮನ ಕಥೆಯಲ್ಲಿ ಆ ಕರುಣೆ ಇಲ್ಲ. ಚೆಂಡಾಟದಲ್ಲಿ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದು, ಮಲಮಗನ ಮೇಲೆ ಅವಳು ಮನಸ್ಸು ಮಾಡಿ, ಅವನು ಒಲ್ಲೆನೆಂದಾಗ ಸುಳ್ಳು ದೂರು ಹೇಳಿದಳು. ಮಂತ್ರಿ ಬೈಚಪ್ಪ ರಾಜಕುಮಾರನನ್ನು ಬಚ್ಚಿಟ್ಟು ಉಳಿಸಿದ. ಪರನಾರೀ ಸೋದರ ಎಂದು ರಾಮನನ್ನು ಹಾಡಿದರು, ಅವಳನ್ನು ಇವತ್ತಿಗೂ ಬೈಯುತ್ತಾರೆ. ಪ್ರಾಯಕ್ಕೆ ಬಂದ ಮಗನಿದ್ದ ಕಂಪಿಲರಾಯನ ಕೈಹಿಡಿದ ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತು ಎಂದು ಬರೆಯುವ ಕಾದಂಬರಿಗೆ ಅಲ್ಲಿ ಜಾಗ ಇದೆ. ಅವಳ ಸುಳ್ಳನ್ನು ನಾನು ಸಮರ್ಥಿಸುವುದಿಲ್ಲ. ತಲೆ ಹೋಗುವಂಥ ಸುಳ್ಳು ಅದು.

ಅಷ್ಟರಲ್ಲಿ ಅಕ್ಕನ ಕಿರಿಮಗಳು ಬಂದು ಗೋಡೆಗೆ ಒರಗಿದಳು. ದೀಪಾವಳಿ ಕಥಾಸ್ಪರ್ಧೆಗೆ ಕಳಿಸಲು ಒಂದು ಕಥೆ ಬರೆದಿದ್ದಾಳೆ. ತಾಯಿ ಸಾಯುತ್ತಾಳೆ, ಟ್ರಂಕಿನ ತಳದಲ್ಲಿ ಕಾಗದ ಸಿಗುತ್ತದೆ, ಮಗನ ತಂದೆ ಬೇರೆ ಎಂದು ಅದರಲ್ಲಿದೆ. "ಹೆಂಗೈತೆ ಆಂಟಿ?" ಎಂದಳು.

ಹುಡುಗಿ ಚೆನ್ನಾಗಿ ಬರೆಯುತ್ತಾಳೆ, ಅದಕ್ಕೇ ಬಿಚ್ಚಿ ಹೇಳಿದೆ. ತಾಯಿಗೆ ಗುಟ್ಟು ಎಂದರೆ ಬಸಿರೇ ಯಾಕಾಗಬೇಕು? ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಗಿ 1953ಕ್ಕೆ ನೀರು ನಿಂತಿತು. ನಾರಾಯಣದೇವರಕೆರೆ ಮುಳುಗಿತು, ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಹಾಗೆ ಊರು ಕಳಕೊಂಡು ಬಂದ ಹೆಣ್ಣುಮಕ್ಕಳು ಎಷ್ಟು ಮನೆಗಳಲ್ಲಿ ಮುದುಕಿಯರಾಗಿ ತೀರಿಕೊಂಡರು, ತವರಿನ ಬಗ್ಗೆ ಎರಡು ಮಾತು ಆಡದೆ? ಅದರಲ್ಲಿ ನಾಚಿಕೆ ಇಲ್ಲ. ತೋರಿಸಲು ಬಾಗಿಲು, ಬಾವಿ, ಕಟ್ಟೆ ಏನೂ ಇಲ್ಲದ ಊರನ್ನು ಮಕ್ಕಳಿಗೆ ಹೇಳುವುದು ಹೇಗೆಂದು ತಿಳಿಯಲಿಲ್ಲ, ಅಷ್ಟೇ. ಸಂಡೂರಿನ ಗುಡ್ಡಗಳಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆದ ತಾಯಂದಿರಿದ್ದಾರೆ, ತಾಂಡಾಗಳ ಲಂಬಾಣಿ ಹೆಂಗಸರೂ ಸೇರಿ. ಆ ಕೂಲಿಯಲ್ಲಿ ಓದಿದ ಮಗ ಬೆಂಗಳೂರಿನಲ್ಲಿ ಮನೆ ಕಟ್ಟಿ, ಬೀಗರ ಎದುರು "ನಮ್ಮಮ್ಮ ಮನೇಲೇ ಇದ್ರು" ಎಂದಾಗ ತಾಯಿ ಹೌದೆಂದು ತಲೆ ಆಡಿಸುತ್ತಾಳಲ್ಲ, ಅಲ್ಲಿ ಗುಟ್ಟು ಬೇಕಾದದ್ದು ಮಗನಿಗೆ, ಕಾಪಾಡುವವಳು ಅವಳು.

ಇನ್ನು ತಂದೆಯ ಹೆಸರಿನ ವಿಷಯವನ್ನೇ ಬರೆಯುವುದಿದ್ದರೆ, ನಮ್ಮ ಸುತ್ತಲಿನ ಹಳ್ಳಿಗಳನ್ನು ನೋಡಬೇಕು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹೆಣ್ಣುಮಗಳನ್ನು ದೇವರ ಹೆಸರಲ್ಲಿ ಬಸವಿ ಬಿಡುತ್ತಿದ್ದ, ಮುತ್ತು ಕಟ್ಟುತ್ತಿದ್ದ ಸೀಮೆ ಇದು. 1982ರಲ್ಲಿ ಇದನ್ನು ತಡೆಯುವ ಕಾಯ್ದೆ ಬಂತು. ಆದರೂ ಮಗುವನ್ನು ಶಾಲೆಗೆ ಸೇರಿಸಲು ಹೋದ ತಾಯಿ ತಂದೆಯ ಹೆಸರಿನ ಕಾಲಂ ಮುಂದೆ ನಿಂತು ತಾತನ ಹೆಸರು ಬರೆಸಿದ್ದಾಳೆ, ಸೋದರಮಾವನ ಹೆಸರು ಬರೆಸಿದ್ದಾಳೆ. ಊರಿಗೆಲ್ಲ ಗೊತ್ತಿದ್ದ ಹೆಸರನ್ನು ಅವಳೊಬ್ಬಳೇ ಹೇಳದೆ ಉಳಿಸಿದಳು. ಆ ಮೌನದಿಂದ ಮಾನ ಉಳಿದದ್ದು ಯಾರದು? ಊರಿನ ದೊಡ್ಡ ಮನೆಯದು. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ, ಈ ಮಕ್ಕಳಿಗೆ ತಂದೆಯ ಹೆಸರು ಬರೆಸಲೇಬೇಕೆಂಬ ಕಡ್ಡಾಯವನ್ನು ತೆಗೆಯುವ ಮಾತಾಡಿದ್ದು ನನಗೆ ತುಂಬ ಸಮಾಧಾನ ತಂದಿತು. ಕಥೆಗಾರರು ದಶಕಗಳ ಹಿಂದೆಯೇ ಮಾಡಬೇಕಿದ್ದ ಕೆಲಸ ಅದು, ಪ್ರಶ್ನೆಯನ್ನು ತಾಯಿಯ ಮುಂದಿನಿಂದ ಎತ್ತಿ ಆ ಮನೆಯ ಮುಂದೆ ಇಡುವುದು.

"ಕಾಗದ ಬ್ಯಾಡ ಅಂದ್ರೆ ಮಗನಿಗೆ ಗೊತ್ತಾಗೋದು ಹೆಂಗೆ?" ಎಂದಳು ಹುಡುಗಿ. ತಾಯಿಯನ್ನು ಸಾಯಿಸಬೇಡ, ಮೊದಲು ಅಷ್ಟು ಮಾಡು ಎಂದೆ. ಸತ್ತವಳ ಕಾಗದ ಬರೆಯುವುದು ಸುಲಭ. ಯಾಕೆಂದು ಕೇಳಿದರೆ ಉತ್ತರ ಕೊಡಲು ಅವಳಿರುವುದಿಲ್ಲ, ಬರೆಯುವವರಿಗೆ ಕಾರಣ ಹುಡುಕುವ ಕಷ್ಟ ತಪ್ಪುತ್ತದೆ. ಬದುಕಿರುವ ತಾಯಿಯನ್ನು ಮಗನ ಎದುರು ಕೂರಿಸು. ಹದಿನೇಳಕ್ಕೆ ಯಾಕೆ ಹೇಳಲಿಲ್ಲ, ಮೂವತ್ತಕ್ಕೆ ಯಾಕೆ, ಐವತ್ತಕ್ಕೆ ಯಾಕೆ ಎಂದು ಒಂದೊಂದನ್ನೂ ಬೇರೆ ಹಾಳೆಯಲ್ಲಿ ಬರೆದುಕೋ. ಮೂರೂ ಒಂದೇ ಬಂದರೆ ಕಥೆ ಇನ್ನೂ ಹುಟ್ಟಿಲ್ಲ.

ತಾಯಿಯನ್ನು ಬದುಕಿರುವಾಗಲೇ ಕಣ್ಣುತುಂಬ ನೋಡಿ ಬರೆದವರು ನಮ್ಮ ಹತ್ತಿರವೇ ಇದ್ದಾರೆ. ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಎಂದು ಪುಸ್ತಕದ ಹೆಸರಲ್ಲೇ ಹೇಳಿಬಿಟ್ಟರು. ಪ್ರಬಂಧದಲ್ಲಿ ಮಗ ಕಂಡದ್ದು ಇರುತ್ತದೆ. ಕಾಣದ ಭಾಗಕ್ಕೆ ಕಥೆ ಬೇಕು. ಆ ಕಾಣದ ಭಾಗಕ್ಕೆ ಹೋಗುವಾಗ ಕೈ ನಡುಗಬೇಕು, ಯಾಕೆಂದರೆ ಅಲ್ಲಿ ನಮ್ಮನ್ನು ಕರೆದವರಿಲ್ಲ. ತ್ರಿವೇಣಿಯವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದಾಗ ಕಾವೇರಿಯ ಹಳೆಯ ಸಂಗತಿ ಬಾಣಂತನದ ಕಾಯಿಲೆಯಲ್ಲಿ ಹೊರಬರುತ್ತದೆ, ಅವಳಾಗಿ ಹೇಳಿದ್ದಲ್ಲ. ಗುಣವಾಗಿ ಮನೆಗೆ ಬಂದವಳನ್ನು ಆ ಮನೆ ಮತ್ತೆ ಹೇಗೆ ನಡೆಸಿಕೊಂಡಿತು ಎಂಬುದನ್ನು ಕಲ್ಪನಾ ಅವರ ಮುಖದಲ್ಲಿ ನೋಡಿದ ಹೆಂಗಸರು ಈ ಬೀದಿಯಲ್ಲೂ ಇದ್ದಾರೆ. ಹೇಳದೆ ಇದ್ದದ್ದೇ ಸರಿ ಎಂದು ಎಷ್ಟು ಜನ ಅವತ್ತು ಥಿಯೇಟರಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು!

ಅಕ್ಕ ಇಷ್ಟು ಹೊತ್ತು ಕೇಳಿದವರು ಸೊಪ್ಪಿನ ಮೊರ ಬದಿಗಿಟ್ಟರು. "ನೀ ಎಲ್ಲಾ ತಾಯಿ ಕಡೇದೇ ಹೇಳ್ತೀಯವ್ವಾ. ಕರ್ಣ ಏನಂದ? ಆಗ ನನ್ನ ನೀರಿಗೆ ಬಿಟ್ಟಿ, ಈಗ ನಿನ್ನ ಕೆಲಸಕ್ಕೆ ಬಂದಿ ಅಂದ. ಅವನ ಮಾತಿನಾಗೇನು ತಪ್ಪೈತೆ? ಹುಟ್ಟಿದ ಮನುಷ್ಯಗ ತಾನ್ಯಾರು ಅಂತ ತಿಳ್ಕೊಳ್ಳೋ ಹಕ್ಕಿಲ್ಲೇನು?"

ಇದಕ್ಕೆ ನನ್ನಲ್ಲಿ ತಕರಾರಿಲ್ಲ. ತಾಯಿಯ ಕಾರಣಗಳು ಐದಿರಲಿ, ಐವತ್ತಿರಲಿ, ಸೂತಪುತ್ರ ಎನ್ನಿಸಿಕೊಂಡು ಬೆಲೆ ತೆತ್ತವನು ಕರ್ಣ. ಅವನು ಬೈದರೂ, ಅರ್ಜುನನೊಬ್ಬನ ಹೊರತು ಉಳಿದವರನ್ನು ಕೊಲ್ಲುವುದಿಲ್ಲ, ನಿನಗೆ ಐವರು ಮಕ್ಕಳು ಉಳಿಯುತ್ತಾರೆ ಎಂದು ಮಾತು ಕೊಟ್ಟು ಕಳಿಸಿದ. ಮಗನ ಸಿಟ್ಟು, ತಾಯಿಯ ಕಾರಣ, ಎರಡೂ ನಿಜವಾಗಿರುವ ಕಥೆಯೇ ನನಗೆ ಬೇಕಾದದ್ದು. ಒಂದನ್ನು ಸುಳ್ಳು ಮಾಡಿ ಇನ್ನೊಂದನ್ನು ಗೆಲ್ಲಿಸಿದರೆ ಅದು ಪಂಚಾಯಿತಿ ತೀರ್ಪು.

"ಹಂಗಾದ್ರೆ ಮಗ ಕೂಗಾಡ್ಲಿ, ಆಯಮ್ಮ ಅರ್ಧ ಹೇಳ್ಲಿ, ಅರ್ಧ ಇಟ್ಕೊಳ್ಲಿ" ಎಂದಳು ಹುಡುಗಿ. ಯಾವ ಅರ್ಧ ಹೇಳುತ್ತಾಳೆ ಎಂದು ಕೇಳಿದೆ. ಯೋಚಿಸಿ, "ತಂದೆ ಹೆಸರು ಹೇಳ್ತಾಳೆ, ಅವನು ಇಷ್ಟ ಆಗಿದ್ನೋ ಇಲ್ವೋ ಅನ್ನೋದನ್ನ ಹೇಳಲ್ಲ" ಎಂದಳು. ಅಕ್ಕ ಮಗಳ ಮುಖ ನೋಡಿದರು. ಅದನ್ನೇ ಬರಿ, ಬರೆದ ಮೇಲೆ ಸ್ಪರ್ಧೆಗೆ ಕಳಿಸುವ ಮುಂಚೆ ನನಗೆ ಕೊಡು, ಐವತ್ತರ ಕಾರಣ ಏನು ಕೊಟ್ಟಿದ್ದೀಯ ಎಂದು ಮೊದಲು ಅದನ್ನು ಓದುತ್ತೇನೆ ಎಂದೆ.